ಅಜ್ಜನ .405ಕ್ಕೆ ತೋಟೆ ಇಲ್ಲ, 6.5 ಎಲ್ಲೆಡೆ ಇದೆ: ಯಾಕೆ ಹೀಗೆ?

ಪ್ರಶ್ನೆ: ನಮ್ಮ ಮನೆ ಕೊಡಗಿನಲ್ಲಿ. ಅಜ್ಜನ ಕಾಲದ ಒಂದು .405 ವಿಂಚೆಸ್ಟರ್ ರೈಫಲ್, ಒಂದು ಜೋಡುನಳಿಗೆಯ 12 ಬೋರ್ ಕೋವಿ ಈಗ ಅಣ್ಣನ ಹೆಸರಿನಲ್ಲಿವೆ. .405ಕ್ಕೆ ತೋಟೆ ಎಲ್ಲೂ ಸಿಗುವುದಿಲ್ಲ. ಅಂಗಡಿಯವರು .315 ಬಿಟ್ಟು ಬೇರೆ ಮಾತೇ ಆಡುವುದಿಲ್ಲ. ನಾನು ಅಮೆರಿಕದ ಒಹಾಯೊದಲ್ಲಿ ಕೆಲಸದಲ್ಲಿದ್ದೇನೆ. ಇಲ್ಲಿನ ಗೆಳೆಯರು ಜಿಂಕೆ ಬೇಟೆಗೆ ಕರೆಯುತ್ತಿದ್ದಾರೆ. '.30-06 ಹಳತಾಯಿತು, 6.5 ಕ್ರೀಡ್‌ಮೂರ್ ತಗೋ' ಎನ್ನುತ್ತಾರೆ. ಒಂದು ತೋಟೆ ಹಳತಾಗುವುದು ಅಂದರೇನು? ಹೊಸದು ನಿಜಕ್ಕೂ ಉತ್ತಮವೇ? ಮನೆಯ ಕೋವಿಗಳನ್ನು ಏನು ಮಾಡುವುದು?

ಉತ್ತರ: ಅಜ್ಜನ .405ರ ಗುಂಡಿಗೆ ನೂರು ವರ್ಷದ ಹಿಂದೆ ಎಷ್ಟು ಬಲವಿತ್ತೋ ಇವತ್ತಿಗೂ ಅಷ್ಟೇ ಇದೆ. ಕಾಡುಪ್ರಾಣಿಗಳ ಚರ್ಮ ದಪ್ಪವಾಗಿಲ್ಲ. ತೋಟೆ ಹಳತಾಯಿತು ಅನ್ನುವುದರ ನಿಜವಾದ ಅರ್ಥ ಇಷ್ಟು: ಅದನ್ನು ಹಾರಿಸುವ ಹೊಸ ಕೋವಿ ಮಾರುಕಟ್ಟೆಗೆ ಬರುವುದು ನಿಂತಿತು, ಆಮೇಲೆ ಕಾರ್ಖಾನೆಯವರು ಆ ತೋಟೆಯ ಸಾಲನ್ನು ನಿಲ್ಲಿಸಿದರು. ಈ ಎರಡೂ ನಡೆಯಲು ಕಾರಣಗಳು ಹೆಚ್ಚಾಗಿ ಕಾಡಿನ ಹೊರಗೆ ಇರುತ್ತವೆ. ಸರ್ಕಾರದ ಒಂದು ಆದೇಶ, ಸೇನೆಯ ಒಂದು ಆಯ್ಕೆ, ಕಾರ್ಖಾನೆಯ ಲೆಕ್ಕಾಚಾರ, ನಳಿಗೆಯೊಳಗಿನ ಸುರುಳಿ ತೋಡಿನ ಒಂದೆರಡು ಇಂಚಿನ ವ್ಯತ್ಯಾಸ, ಇವೇ ಆ ಕಾರಣಗಳು. ನಿಮ್ಮ ಮನೆಯ .405, ಅಂಗಡಿಯ .315, ಒಹಾಯೊದ 6.5 ಮೂರರ ಕಥೆಯೂ ಇದೇ.

ಮೊದಲು ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ತೋಟೆಯ ಹೆಸರಿನ ಅಂಕಿಯನ್ನು ಗುಂಡಿನ ಅಳತೆ ಎಂದು ನಂಬಬೇಡಿ. .315ರಲ್ಲಿ ಗುಂಡಿನ ವ್ಯಾಸ ಸುಮಾರು 0.323 ಇಂಚು, ಆ 0.315 ನಳಿಗೆಯೊಳಗೆ ಸುರುಳಿ ತೋಡುಗಳ ಮಧ್ಯೆ ಎದ್ದು ನಿಂತ ಏಣುಗಳ ನಡುವಿನ ಅಳತೆ. .303ರ ಗುಂಡು 0.311ರ ಆಸುಪಾಸು. .275 ರಿಗ್ಬಿಯದು 0.284. .270 ವಿಂಚೆಸ್ಟರ್‌ನದು 0.277. .405ರದು 0.411ರಿಂದ 0.412. .30-06ರಲ್ಲಿ 06 ಅಂದರೆ 1906ನೇ ಇಸವಿ, ಗುಂಡು 0.308. ಹೆಸರುಗಳನ್ನು ಒಂದೊಂದು ಕಂಪನಿ ಒಂದೊಂದು ಉದ್ದೇಶಕ್ಕೆ ಇಟ್ಟಿದೆ, ಎಷ್ಟೋ ಸಲ ಮಾರಾಟಕ್ಕಾಗಿಯೇ. ಜರ್ಮನಿಯ 7x57 ಮೌಸರ್ 1892ರದು. ಅದೇ ತೋಟೆಯನ್ನು ಲಂಡನ್ನಿನ ರಿಗ್ಬಿ ಕಂಪನಿ ಇಂಚಿನ ಲೆಕ್ಕದ ಗಿರಾಕಿಗಳಿಗೆ.275 ಎಂದು ಮಾರಿತು. ಚಂಪಾವತದ ನರಭಕ್ಷಕ ಹೆಣ್ಣುಹುಲಿಯನ್ನು 1907ರಲ್ಲಿ ಕೊಂದ ಜಿಮ್ ಕಾರ್ಬೆಟ್‌ಗೆ ಉಡುಗೊರೆಯಾಗಿ ಬಂದ ರೈಫಲ್ ಈ .275. ಹಾಲೆಂಡ್ ಅಂಡ್ ಹಾಲೆಂಡ್‌ನವರ .275 ಮ್ಯಾಗ್ನಮ್ ಬೇರೆಯೇ ತೋಟೆ. ಹೆಸರಿನ ಅಂಕಿ ಒಂದೇ, ನಳಿಗೆಯ ಹಿಂಭಾಗದಲ್ಲಿ ತೋಟೆ ಕೂರುವ ಕೋಣೆ ಬೇರೆ. ಹಳೆಯ ರೈಫಲ್ ಇರುವ ಮನೆಗಳಲ್ಲಿ ಅಪಾಯ ಶುರುವಾಗುವುದೇ ಇಂಥ ಕಡೆ.

ಈಗ ಭಾರತದ ಕಥೆ. 1880ರ ದಶಕದವರೆಗೆ ಎಲ್ಲವೂ ಕರಿಮದ್ದು. ಕರಿಮದ್ದಿನಲ್ಲಿ ಗುಂಡಿನ ವೇಗವನ್ನು ಒಂದು ಮಿತಿಯಾಚೆ ಏರಿಸಲು ಆಗುವುದಿಲ್ಲ. ಹಾಗಾಗಿ ದೊಡ್ಡ ಪ್ರಾಣಿಗೆ ದೊಡ್ಡ ಗುಂಡು ಎಂಬುದೇ ದಾರಿ: .450, .500, .577. ಫ್ರಾನ್ಸಿನ ಪೋಲ್ ವಿಯೆಲ್ 1884ರಲ್ಲಿ ಹೊಗೆಯಿಲ್ಲದ ಮದ್ದು ಮಾಡಿದ. 1886ರಲ್ಲಿ ಫ್ರೆಂಚ್ ಸೇನೆ 8 ಮಿ.ಮೀ. ಲೆಬೆಲ್ ರೈಫಲ್ ಹಿಡಿಯಿತು. ಬ್ರಿಟಿಷರ .303 ಬಂದದ್ದು 1888ರಲ್ಲಿ, ಆಗ ಅದರಲ್ಲಿ ಒತ್ತಿದ ಕರಿಮದ್ದೇ ಇತ್ತು. ಬ್ರಿಟಿಷರ ಹೊಗೆಯಿಲ್ಲದ ಮದ್ದಾದ ಕಾರ್ಡೈಟ್ ಸೇರಿದ್ದು ಕೆಲವು ವರ್ಷ ತಡವಾಗಿ. 1898ರಲ್ಲಿ ರಿಗ್ಬಿಯವರು .450 ನೈಟ್ರೋ ಎಕ್ಸ್‌ಪ್ರೆಸ್ ತಂದರು: 480 ಗ್ರೇನ್, ಅಂದರೆ ಸುಮಾರು 31 ಗ್ರಾಂ ಗುಂಡು, ಸೆಕೆಂಡಿಗೆ 2150 ಅಡಿ ವೇಗ. ಆನೆ, ಕಾಟಿಗೆ ಹೆಗಲಮೇಲೆ ಫಿರಂಗಿಯಂಥ ನಾಲ್ಕು ಬೋರ್, ಎಂಟು ಬೋರ್ ಹೊತ್ತು ತಿರುಗುವ ಕಾಲ ಅಲ್ಲಿಗೆ ಮುಗಿಯಿತು.

ಕಾರ್ಡೈಟ್‌ಗೆ ನಮ್ಮ ಬಿಸಿಲು ಆಗಿಬರಲಿಲ್ಲ. ಮೊದಲ ಕಾರ್ಡೈಟ್‌ನಲ್ಲಿ 58 ಭಾಗ ನೈಟ್ರೋಗ್ಲಿಸರಿನ್. ಇಂಗ್ಲೆಂಡಿನ ಚಳಿಯಲ್ಲಿ ಅಳೆದು ತುಂಬಿದ ತೋಟೆ ಏಪ್ರಿಲ್ ತಿಂಗಳ ಬಿಸಿಲಿಗೆ ಕಾದರೆ ಒಳಗಿನ ಒತ್ತಡ ಏರುತ್ತಿತ್ತು, ಮದ್ದು ತುಂಬಿದ ಹಿತ್ತಾಳೆ ಕೊಳವೆ ಕೋಣೆಗೆ ಕಚ್ಚಿಕೊಂಡು ಹೊರಗೆ ಬರುತ್ತಿರಲಿಲ್ಲ. ಗಾಯಗೊಂಡ ಪ್ರಾಣಿ ಎದುರಿಗಿದ್ದಾಗ ಹೊಸ ತೋಟೆ ತುಂಬಲು ಕೋವಿ ಬಾಗಿ ತೆರೆಯದೆ ಕೂತರೆ ಶಿಕಾರಿಯ ಗತಿ ಏನಾಗುತ್ತದೆ ಎಂದು ಹೇಳಬೇಕಾಗಿಲ್ಲ. ಉದ್ದ ಕುತ್ತಿಗೆಯ, ತೆಳು ಅಂಚಿನ .450/400ರಲ್ಲಿ ಈ ಕಾಟ ಇತ್ತು. 1902ರಲ್ಲಿ ಜೆಫ್ರಿಯವರು ಅದನ್ನೇ 3 ಇಂಚಿಗೆ ಮೊಟಕುಮಾಡಿ, ಅಂಚನ್ನು ದಪ್ಪಮಾಡಿ ಹೊಸದಾಗಿ ತಂದರು. ಅದು ಭಾರತದ ಹುಲಿ ಬೇಟೆಯವರ ಮೆಚ್ಚಿನ ತೋಟೆಯಾಯಿತು. ಕಾರ್ಬೆಟ್‌ರ ದೊಡ್ಡ ರೈಫಲ್.450/400. 1911ರ .416 ರಿಗ್ಬಿಯ ಕೊಳವೆ ಅಷ್ಟು ದೊಡ್ಡದಿರುವುದೂ ಇದೇ ಕಾರಣಕ್ಕೆ: ಜಾಗ ಹೆಚ್ಚಿದ್ದರೆ ಬಿಸಿಲಲ್ಲೂ ಒತ್ತಡ ತಗ್ಗಿರುತ್ತದೆ. ನನ್ನ ದೃಷ್ಟಿಯಲ್ಲಿ ಆ ಕಾಲದ ತೋಟೆಗಳಲ್ಲಿ ಬಳಸುವವನ ಜೀವದ ಬಗ್ಗೆ ಅತಿ ಹೆಚ್ಚು ಯೋಚಿಸಿ ಮಾಡಿದವು ಇವೆರಡು.

ಆಮೇಲೆ ಬಂತು 1907ರ ಆದೇಶ. ವಾಯವ್ಯ ಗಡಿಯಲ್ಲೂ ಸುಡಾನಿನಲ್ಲೂ ಬಂಡುಕೋರರ ಕೈಯಲ್ಲಿ ಹಳೆಯ .577/450 ಮಾರ್ಟಿನಿ-ಹೆನ್ರಿ ಬಂದೂಕುಗಳಿದ್ದವು. .450 ಅಳತೆಯ ತೋಟೆ, ಗುಂಡು ಅವರಿಗೆ ಸೇರಬಾರದೆಂದು ಬ್ರಿಟಿಷ್ ಸರ್ಕಾರ ಭಾರತಕ್ಕೂ ಸುಡಾನಿಗೂ ಆ ಅಳತೆಯ ರೈಫಲ್‌ಗಳ ಆಮದನ್ನೇ ನಿಲ್ಲಿಸಿತು. .450 ನೈಟ್ರೋ ಅತ್ಯುತ್ತಮ ತೋಟೆ. ಅದರ ದೊಡ್ಡ ಮಾರುಕಟ್ಟೆಯೊಂದು ಆ ಆದೇಶದಿಂದ ಮುಚ್ಚಿಹೋಯಿತು. ಲಂಡನ್, ಬರ್ಮಿಂಗ್‌ಹ್ಯಾಂನ ಕಂಪನಿಗಳು ಸ್ವಲ್ಪ ಅತ್ತಿತ್ತ ಅಳತೆಯ ತೋಟೆಗಳನ್ನು ತರಾತುರಿಯಲ್ಲಿ ಹೊರತಂದವು: .470, .500/465, .475. ಇವುಗಳ ಕೆಲಸ .450ಗಿಂತ ಬೇರೆಯೇನಲ್ಲ. .470ಯದು 500 ಗ್ರೇನ್ ಗುಂಡು, ವೇಗ ಅದೇ 2150 ಅಡಿ. ಆಫ್ರಿಕಾದಲ್ಲಿ ಜೋಡುನಳಿಗೆ ರೈಫಲ್ ಹಿಡಿಯುವವರು ಇಂದಿಗೂ ಹೆಚ್ಚಾಗಿ ಕೇಳುವುದು .470ಯನ್ನೇ. ಅದು ಚಾಲ್ತಿಗೆ ಬರಲು ಮೂಲ ಕಾರಣ ಮಾತ್ರ ಒಂದು ಸರ್ಕಾರಿ ನಿಷೇಧ.

.315ರ ಹುಟ್ಟೂ ಹಾಗೆಯೇ. ಸೇನೆಯ ತೋಟೆ ಹಾರಿಸುವ ರೈಫಲ್ ನಾಗರಿಕರ ಕೈಗೆ ಸಿಗಬಾರದು ಎಂಬ ನೀತಿಯಿಂದ .303 ಭಾರತದ ಮನೆಗಳಿಗೆ ಮುಚ್ಚಿದ ಬಾಗಿಲಾಯಿತು. ಬಿಎಸ್‌ಎ ಮುಂತಾದ ಇಂಗ್ಲಿಷ್ ಕೋವಿ ಕಂಪನಿಯವರು ಸೇನೆಯ ಅದೇ ಲೀ-ಎನ್‌ಫೀಲ್ಡ್ ರೈಫಲನ್ನು ಆಸ್ಟ್ರಿಯಾ ಸೇನೆಯ 8x50 ಮಾನ್ಲಿಖರ್ ತೋಟೆಗೆ ಹೊಂದಿಸಿ ಇಲ್ಲಿಗೆ ಮಾರಿದರು. ಭಾರತೀಯ ಸೇನೆಯಲ್ಲಿ ಆ ತೋಟೆ ಇರಲಿಲ್ಲವಾದ್ದರಿಂದ ಸರ್ಕಾರಕ್ಕೆ ತಕರಾರಿರಲಿಲ್ಲ. ಆ ಮಾನ್ಲಿಖರ್ ತೋಟೆಯೇ ನಮ್ಮ .315, ಕೆಲವರು 8 ಮಿ.ಮೀ. ಎನ್ನುವುದು. 244 ಗ್ರೇನಿನ ಮೊಂಡುಮೂತಿ ಗುಂಡು, ವೇಗ ಸುಮಾರು 2000 ಅಡಿ. ಹುಟ್ಟಿದ ನಾಡಿನಲ್ಲಿ ಅದು ಎಂದೋ ಸೇನೆಯಿಂದ ಹೊರಬಿತ್ತು. ಇಲ್ಲಿ ಸ್ವಾತಂತ್ರ್ಯದ ನಂತರವೂ .303 ನಿಷೇಧಿತ ಬೋರ್ (ನಾಗರಿಕರಿಗೆ ಸಾಮಾನ್ಯವಾಗಿ ಒಪ್ಪಿಗೆಯಿಲ್ಲದ ಅಳತೆ) ಆಗಿಯೇ ಉಳಿದದ್ದರಿಂದ, ಇಶಾಪುರದ ರೈಫಲ್ ಕಾರ್ಖಾನೆ .315 ಮಾಡುತ್ತಲೇ ಹೋಯಿತು. 1980ರ ದಶಕದಲ್ಲಿ ವಿದೇಶಿ ಕೋವಿಗಳ ಖಾಸಗಿ ಆಮದೂ ನಿಂತ ಮೇಲೆ ಅದಕ್ಕೆ ಎದುರಾಳಿಯೇ ಇಲ್ಲದಾಯಿತು. ಹೊರಗಿನವರ ಮಾಪನದಲ್ಲಿ ವಸ್ತುಸಂಗ್ರಹಾಲಯಕ್ಕೆ ಸೇರಬೇಕಾದ 1890ರ ತೋಟೆ, ನಮ್ಮಲ್ಲಿ ಅಂಗಡಿಯವನ ಬಾಯಲ್ಲಿ ಬರುವ ಮೊದಲ ಹೆಸರು. ಕೈಬಂದೂಕಿನಲ್ಲಿ .32 ಉಳಿದುಕೊಂಡಿರುವುದೂ 9 ಮಿ.ಮೀ. ನಿಷೇಧಿತವಾದ್ದರಿಂದಲೇ.

ಇದು ನಮ್ಮ ದೇಶಕ್ಕಷ್ಟೇ ಸೀಮಿತವಲ್ಲ. ಫ್ರಾನ್ಸಿನಲ್ಲಿ ಸೇನೆಯ ತೋಟೆಗಳಿಗೆ ದೀರ್ಘಕಾಲ ಇದ್ದ ನಿರ್ಬಂಧದಿಂದಲೇ 7x64 ಅಲ್ಲಿನ ಬೇಟೆಗಾರರ ಮನೆಮಾತಾಯಿತು. ಇಟಲಿಯಲ್ಲಿ 9 ಮಿ.ಮೀ. ಪ್ಯಾರಾಬೆಲಂ ಸಿಗದೆ 9x21 ಬೆಳೆಯಿತು.

.405ಕ್ಕೆ ಬರೋಣ. 1904ರಲ್ಲಿ ವಿಂಚೆಸ್ಟರ್ ಇದನ್ನು ತನ್ನ ಮಾದರಿ 1895 ರೈಫಲಿಗಾಗಿ ತಂದಿತು. ಜಾನ್ ಬ್ರೌನಿಂಗ್ ವಿನ್ಯಾಸದ ಆ ರೈಫಲ್‌ಗೆ ಬೋಲ್ಟ್ ಇಲ್ಲ, ಕೆಳಗಿನ ಕಬ್ಬಿಣದ ಕುಣಿಕೆಯನ್ನು ಎಳೆದರೆ ಮುಂದಿನ ತೋಟೆ ಏರುತ್ತದೆ. 300 ಗ್ರೇನ್ ಗುಂಡು, 2200 ಅಡಿ ವೇಗ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೋಡರ್ ರೂಸ್‌ವೆಲ್ಟ್ 1909ರಲ್ಲಿ ಇದನ್ನು ಆಫ್ರಿಕಾಕ್ಕೆ ಕೊಂಡುಹೋದರು. ಬೆಂಗಳೂರಿನ ಕೆನೆತ್ ಆಂಡರ್ಸನ್ ನಮ್ಮ ಸೀಮೆಯ ನರಭಕ್ಷಕಗಳ ಬೆನ್ನುಬಿದ್ದದ್ದೂ .405 ಹಿಡಿದೇ. ಹತ್ತಿರದ ಹೊಡೆತಕ್ಕೆ, ಮರದ ಮೇಲಿನ ಮಚಾನಿನಿಂದ ಐವತ್ತು ಗಜದೊಳಗೆ, ಅದು ಒಳ್ಳೆಯ ಆಯ್ಕೆಯಾಗಿತ್ತು. ತೊಂದರೆ ದೂರದಲ್ಲಿ. ಮೊಂಡುಮೂತಿಯ ಭಾರದ ಗುಂಡನ್ನು ಗಾಳಿ ಬೇಗ ತಡೆಯುತ್ತದೆ. 200 ಗಜದಲ್ಲಿ ಅದು ಗಣನೀಯವಾಗಿ ಕೆಳಗೆ ಬೀಳುತ್ತದೆ. ಜನ ದುರ್ಬೀನು ಕೂರಿಸಿದ ಬೋಲ್ಟ್ ರೈಫಲ್‌ಗಳಿಗೆ ಹೊರಳಿದರು. 1930ರ ದಶಕದಲ್ಲಿ ಮಾದರಿ 1895 ನಿಂತಿತು, 1950ರ ದಶಕದಲ್ಲಿ ತೋಟೆಯೂ ನಿಂತಿತು. 2000ದ ನಂತರ ವಿಂಚೆಸ್ಟರ್ ಹೆಸರಿನಲ್ಲಿ ಆ ರೈಫಲ್ ಮತ್ತೆ ಬಂದಾಗ ಹಾರ್ನಡಿ ಕಂಪನಿ .405 ತೋಟೆಯನ್ನು ಮತ್ತೆ ಶುರುಮಾಡಿತು. ಅಂದರೆ ನೀವಿರುವ ದೇಶದಲ್ಲಿ ಇದಕ್ಕೆ ಜೀವ ಬಂದಿದೆ. ಭಾರತದ ಸರ್ಕಾರಿ ಕಾರ್ಖಾನೆಗಳಲ್ಲಿ ಇದನ್ನು ಮಾಡುವುದಿಲ್ಲ, ಸಾಮಾನ್ಯ ಪರವಾನಗಿದಾರರಿಗೆ ಆಮದಿನ ಸುಲಭ ದಾರಿಯೂ ಇಲ್ಲ.

ಅಮೆರಿಕದಲ್ಲಿ ತೋಟೆಯ ಭವಿಷ್ಯ ಬರೆದದ್ದು ಮೊದಲು ಸೇನೆ. .30-06ನ್ನು ಸೇನೆ 1906ರಲ್ಲಿ ಒಪ್ಪಿಕೊಂಡಿತು. ಎರಡು ಮಹಾಯುದ್ಧದಲ್ಲಿ ಹಿಡಿದವರು ಮನೆಗೆ ಬಂದು ಅದನ್ನೇ ಕೇಳಿದರು, ಸೇನೆಯಲ್ಲಿ ಮಿಕ್ಕುಳಿದ ತೋಟೆ ಅಗ್ಗಕ್ಕೆ ಸಿಕ್ಕಿತು. 1952ರಲ್ಲಿ ಬಂದ .308 ಅದರ ಕೆಲಸವನ್ನು ಚಿಕ್ಕ ಕೊಳವೆಯಲ್ಲಿ ಮಾಡಿತು, ನ್ಯಾಟೋ ಸೇನೆಗಳ ಬೆಂಬಲ ಅದಕ್ಕೆ ಸಿಕ್ಕಿತು. ಸೇನೆಯ ಬೆಂಬಲವಿಲ್ಲದೆ ಗೆದ್ದ ದೊಡ್ಡ ಹೆಸರು 1925ರ .270 ವಿಂಚೆಸ್ಟರ್. .30-06ರ ಕೊಳವೆಯ ಕುತ್ತಿಗೆಯನ್ನೇ ಕಿರಿದು ಮಾಡಿದ ಇದರ 130 ಗ್ರೇನ್ ಗುಂಡು 3000 ಅಡಿ ದಾಟುತ್ತಿತ್ತು, ಜೊತೆಗೆ ಜ್ಯಾಕ್ ಓ'ಕಾನರ್ ಎಂಬ ಅಂಕಣಕಾರ ದಶಕಗಳ ಕಾಲ ಅದರ ಪರ ಬರೆದರು.

ಇನ್ನು ಸುರುಳಿ ತೋಡಿನ ವಿಷಯ. ಇದನ್ನು ಸರಿಯಾಗಿ ತಿಳಿದುಕೊಂಡರೆ 6.5 ಕ್ರೀಡ್‌ಮೂರ್ ಗೆದ್ದದ್ದು ಯಾಕೆಂದು ತಾನಾಗಿ ಗೊತ್ತಾಗುತ್ತದೆ. ನಳಿಗೆಯೊಳಗಿನ ತೋಡು ಗುಂಡನ್ನು ತಿರುಗಿಸುತ್ತದೆ. ಗುಂಡು ಉದ್ದವಾದಷ್ಟೂ ನೇರವಾಗಿ ನಿಲ್ಲಲು ವೇಗವಾಗಿ ತಿರುಗಬೇಕು, ಇಲ್ಲದಿದ್ದರೆ ಸರಿಯಾಗಿ ತಿರುಗದ ಬುಗುರಿಯಂತೆ ತೊನೆದು ಅಡ್ಡ ಬೀಳುತ್ತದೆ. 1955ರಲ್ಲಿ ಎರಡು 6 ಮಿ.ಮೀ. ತೋಟೆಗಳು ಒಟ್ಟಿಗೆ ಬಂದವು. ವಿಂಚೆಸ್ಟರ್‌ನ .243ಕ್ಕೆ 10 ಇಂಚಿಗೆ ಒಂದು ಸುತ್ತಿನ ತೋಡು. ರೆಮಿಂಗ್ಟನ್ನಿನ .244ಕ್ಕೆ 12 ಇಂಚಿಗೆ ಒಂದು ಸುತ್ತು. .244ರ ಕೊಳವೆಯಲ್ಲಿ ಮದ್ದಿನ ಜಾಗ ಹೆಚ್ಚು, ಕಾಗದದ ಮೇಲೆ ಅದೇ ಮೇಲು. ಆದರೆ ಅದರ ತೋಡು ಹಗುರ ಗುಂಡಿಗೆ ಲೆಕ್ಕಹಾಕಿದ್ದು, ಜಿಂಕೆಗೆ ಬೇಕಾದ 100 ಗ್ರೇನಿನ ಉದ್ದ ಗುಂಡಿಗೆ ಅಷ್ಟು ತಿರುಗು ಸಾಲುವುದೆಂಬ ಭರವಸೆ ಇರಲಿಲ್ಲ. ಗಿರಾಕಿಗೆ ಒಂದೇ ರೈಫಲಿನಲ್ಲಿ ಚಿಕ್ಕ ಪ್ರಾಣಿಗೂ ಜಿಂಕೆಗೂ ಆಗುವ ತೋಟೆ ಬೇಕಿತ್ತು, ಎಲ್ಲರೂ .243 ಕೊಂಡರು. 1963ರಲ್ಲಿ ರೆಮಿಂಗ್ಟನ್ 9 ಇಂಚಿನ ತೋಡು ಹಾಕಿ, 6 ಎಂಎಂ ರೆಮಿಂಗ್ಟನ್ ಎಂದು ಹೆಸರು ಬದಲಿಸಿ ಮತ್ತೆ ತಂದಿತು. ಅಷ್ಟರಲ್ಲಿ ಮಾರುಕಟ್ಟೆ ಕೈಬಿಟ್ಟಾಗಿತ್ತು. ಮೊದಲ ಒಂದೆರಡು ವರ್ಷದಲ್ಲಿ ಕೆಟ್ಟ ಹೆಸರು ಪಡೆದ ತೋಟೆ ಮತ್ತೆ ಏಳುವುದು ಬಹಳ ಅಪರೂಪ.

ನಲವತ್ತು ವರ್ಷದ ಮೇಲೆ ಇದೇ ಕಥೆ ಮತ್ತೆ ನಡೆಯಿತು. 1997ರಲ್ಲಿ ರೆಮಿಂಗ್ಟನ್ .260 ತಂದಿತು, .308ರ ಕೊಳವೆಗೆ 6.5 ಮಿ.ಮೀ. ಕುತ್ತಿಗೆ. ತೋಟೆ ಒಳ್ಳೆಯದೇ. ಆದರೆ ಕೊಳವೆಯ ಉದ್ದ 2.035 ಇಂಚು, ಚಿಕ್ಕ ರೈಫಲಿನ ಮ್ಯಾಗಜೀನಿನಲ್ಲಿ ಇಡೀ ತೋಟೆಗೆ ಇರುವ ಜಾಗ ಸುಮಾರು 2.8 ಇಂಚು. ಉದ್ದ ಚೂಪುಮೂತಿಯ ಗುಂಡನ್ನು ಅದರೊಳಗೆ ತುರುಕಬೇಕೆಂದರೆ ಗುಂಡಿನ ಹಿಂಭಾಗ ಮದ್ದಿನೊಳಗೆ ಇಳಿಯುತ್ತದೆ. ಕಾರ್ಖಾನೆಯ ರೈಫಲ್‌ಗಳ ತೋಡು 9 ಇಂಚಿನದು. ಹಾರ್ನಡಿಯವರು 2007ರಲ್ಲಿ ತೋರಿಸಿ ಮರುವರ್ಷ ಮಾರುಕಟ್ಟೆಗೆ ತಂದ 6.5 ಕ್ರೀಡ್‌ಮೂರ್‌ನಲ್ಲಿ ಕೊಳವೆಯನ್ನು 1.92 ಇಂಚಿಗೆ ಮೊಟಕು ಮಾಡಿ, ಅದು ಕುತ್ತಿಗೆಯ ಕಡೆಗೆ ಕಿರಿದಾಗುವ ಭುಜವನ್ನು 30 ಡಿಗ್ರಿಗೆ ಏರಿಸಿದರು. ಉದ್ದ ಗುಂಡು ಹೊರಗೇ ಉಳಿಯಿತು. ತೋಡನ್ನು ಮೊದಲ ದಿನದಿಂದಲೇ 8 ಇಂಚಿಗೆ ನಿಗದಿಮಾಡಿದರು. ನಿಖರ ತೋಟೆಯನ್ನು ಕಾರ್ಖಾನೆಯಿಂದಲೇ, ಮಿತವಾದ ಬೆಲೆಗೆ ಕೊಟ್ಟರು; ಮನೆಯಲ್ಲಿ ತುಂಬಿಕೊಳ್ಳುವ ಹಂಗಿಲ್ಲ. ವೇಗದಲ್ಲಿ .260ಕ್ಕೂ ಇದಕ್ಕೂ ಹೇಳುವಂಥ ಅಂತರವಿಲ್ಲ, ಎರಡೂ 140 ಗ್ರೇನ್ ಗುಂಡನ್ನು 2700 ಅಡಿಯ ಆಸುಪಾಸಿನಲ್ಲಿ ಹಾರಿಸುತ್ತವೆ. 1894ರ ಸ್ವೀಡನ್ನಿನ 6.5x55 ಕೂಡ ಇದೇ ಕೆಲಸ ಮಾಡುತ್ತಿತ್ತು. ಗೆದ್ದದ್ದು ತೋಟೆ, ನಳಿಗೆ, ಮ್ಯಾಗಜೀನು ಮೂರನ್ನೂ ಒಟ್ಟಿಗೆ ಲೆಕ್ಕಹಾಕಿದ ರೀತಿ.

ಹಾಗಾದರೆ .30-06ಗಿಂತ ಉತ್ತಮವೇ? 400 ಗಜದಾಚೆ ಗುರಿಹಲಗೆಗೆ ಹೊಡೆಯುವವರಿಗೆ ಹೌದು: ಸಣಕಲು ಉದ್ದ ಗುಂಡನ್ನು ಅಡ್ಡಗಾಳಿ ಕಡಿಮೆ ತಳ್ಳುತ್ತದೆ, ಹೆಗಲಿಗೆ ಬೀಳುವ ಏಟು .30-06ರ ಮೂರರಲ್ಲಿ ಎರಡು ಪಾಲಿನಷ್ಟು. ಏಟು ಕಡಿಮೆಯಾದರೆ ಹೊಸಬರು ಕಣ್ಣು ಮುಚ್ಚಿ ಕೋವಿಯ ಕುದುರೆ (ಟ್ರಿಗರ್) ಎಳೆಯುವುದಿಲ್ಲ. ಅದು ನಿಜವಾದ ಲಾಭ, ನಾನು ಅದನ್ನು ಎಲ್ಲಕ್ಕಿಂತ ಮೇಲೆ ಇಡುತ್ತೇನೆ. 200 ಗಜದೊಳಗಿನ ಜಿಂಕೆಗೆ ಎರಡರಲ್ಲಿ ಯಾವುದೂ ಒಂದೇ. ಎಲ್ಕ್, ಮೂಸ್‌ನಂಥ ದೊಡ್ಡ ಪ್ರಾಣಿಗೆ 180 ಗ್ರೇನಿನ .30-06 ಹೆಚ್ಚು ಭರವಸೆಯದು.

ಆದರೆ ನಿಮ್ಮ ವಿಷಯದಲ್ಲಿ ಈ ಚರ್ಚೆಯೇ ಬೇಕಿಲ್ಲ! ಒಹಾಯೊದಲ್ಲಿ ಕೋವಿಯ ಋತುವಿನಲ್ಲಿ ಜಿಂಕೆಗೆ .30-06 ಕೂಡ ಆಗುವುದಿಲ್ಲ, 6.5 ಕೂಡ ಆಗುವುದಿಲ್ಲ. ಬಯಲು ಹೊಲಗಳ ನಡುವೆ ಮನೆಗಳಿರುವ ರಾಜ್ಯವಾದ್ದರಿಂದ ಅಲ್ಲಿ ಹಿಂದೆ ಶಾಟ್‌ಗನ್ನಿನ ಒಂಟಿ ಗುಂಡಿಗೆ ಮುಖ್ಯವಾಗಿ ಒಪ್ಪಿಗೆಯಿತ್ತು, ಇಂಥ ರೈಫಲ್ ತೋಟೆಗಳಿಗೆ ಇರಲಿಲ್ಲ. 2014ರಿಂದ ನೇರಗೋಡೆಯ ತೋಟೆಗಳಿಗೂ, ಅಂದರೆ ಕುತ್ತಿಗೆಯಲ್ಲಿ ಕಿರಿದಾಗದ ಕೊಳವೆಗಳಿಗೂ, .357ರಿಂದ .50ರ ಅಳತೆಯೊಳಗೆ ಒಪ್ಪಿಗೆ ಸಿಕ್ಕಿತು. ಮಿಷಿಗನ್, ಅಯೋವಾಗಳಲ್ಲೂ ಇಂಥದೇ ನಿಯಮಗಳು ಬಂದವು. ಈ ಕಾನೂನಿಗಾಗಿಯೇ ವಿಂಚೆಸ್ಟರ್ 2019ರಲ್ಲಿ .350 ಲೆಜೆಂಡ್ ತಂದಿತು, 1.71 ಇಂಚಿನ ಕೊಳವೆ, ಮಿಷಿಗನ್ನಿನ 1.8 ಇಂಚಿನ ಮಿತಿಯೊಳಗೆ ಅಳೆದು ಮಾಡಿದಂತಿದೆ. .450 ಬುಷ್‌ಮಾಸ್ಟರ್‌ಗೂ, ಮುದಿ .45-70ಕ್ಕೂ ಹೊಸ ಗಿರಾಕಿಗಳು ಬಂದರು. ನಿಮಗೆ ನನ್ನ ಸಲಹೆ .350 ಲೆಜೆಂಡ್, 150 ಗಜದೊಳಗೆ ಮಾತ್ರ ಹೊಡೆಯುವ ಶಿಸ್ತಿನೊಂದಿಗೆ. ಆ ವರ್ಷದ ನಿಯಮಪುಸ್ತಿಕೆಯನ್ನು ರಾಜ್ಯದ ವನ್ಯಜೀವಿ ಇಲಾಖೆಯಿಂದ ತೆಗೆದುಕೊಂಡು ಓದಿಯೇ ಕೋವಿ ಕೊಳ್ಳಿ. ಎಚ್-1ಬಿಯಂಥ ವೀಸಾದಲ್ಲಿದ್ದರೆ ಸಾಮಾನ್ಯವಾಗಿ ಕೋವಿ ಇಟ್ಟುಕೊಳ್ಳುವಂತಿಲ್ಲ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ಅದಕ್ಕೆ ವಿನಾಯಿತಿ ಇದೆ. ಹಾಗಾಗಿ ಮೊದಲು ಬೇಟೆ ತರಬೇತಿ, ಆಮೇಲೆ ಪರವಾನಗಿ, ಕೊನೆಗೆ ಕೋವಿ.

ಕೊಳ್ಳುವ ಮೊದಲು ಇನ್ನೊಂದು ಲೆಕ್ಕ. 2020ರಲ್ಲಿ ಅಮೆರಿಕದ ಕಪಾಟುಗಳು ಬರಿದಾದಾಗ ಕಾರ್ಖಾನೆಗಳು 9 ಮಿ.ಮೀ., .223ರಂಥ ಹೆಚ್ಚು ಓಡುವ ತೋಟೆಗಳಿಗೇ ಯಂತ್ರಗಳನ್ನು ಮೀಸಲಿಟ್ಟವು. ವರ್ಷಕ್ಕೊಮ್ಮೆ ಒಂದು ಪಾಳಿ ಮಾಡುವ .257 ರಾಬರ್ಟ್ಸ್, .35 ರೆಮಿಂಗ್ಟನ್ ಮುಂತಾದವು ಕಣ್ಣಿಗೆ ಬೀಳದಾದವು. 2001ರ ಸುಮಾರಿಗೆ ಅಬ್ಬರದಿಂದ ಬಂದ ಗಿಡ್ಡ ಮ್ಯಾಗ್ನಮ್‌ಗಳಲ್ಲೂ .300 ಡಬ್ಲ್ಯುಎಸ್‌ಎಂ ಒಂದಿಷ್ಟು ನಿಂತಿತು, ರೆಮಿಂಗ್ಟನ್ನಿನ ಜೋಡಿ ಬೇಗ ಮರೆಯಾಯಿತು. ಹೊಸ ತೋಟೆಯೊಂದು ಮಾರುಕಟ್ಟೆಗೆ ಬಂದು ಐದು ವರ್ಷ ಕಳೆದು, ಕನಿಷ್ಠ ಮೂರು ಬೇರೆ ಬೇರೆ ಕಂಪನಿಗಳು ಅದನ್ನು ಮಾಡುತ್ತಿವೆಯೇ ಎಂದು ನೋಡಿ. ಒಂದೇ ಕಂಪನಿಯ ತೋಟೆಯ ಆಯುಷ್ಯ ಆ ಕಂಪನಿಯ ಮನಸ್ಸಿನಲ್ಲಿರುತ್ತದೆ. ಸೀಸಕ್ಕೆ ಬರುತ್ತಿರುವ ತಡೆಯೂ ಗಮನದಲ್ಲಿರಲಿ: ಡೆನ್ಮಾರ್ಕ್ 2024ರ ಏಪ್ರಿಲ್‌ನಿಂದ ಬೇಟೆ ರೈಫಲಿಗೂ ಸೀಸದ ಗುಂಡು ನಿಲ್ಲಿಸಿದೆ. ತಾಮ್ರ ಹಗುರ, ಅಷ್ಟೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಉದ್ದವಾದರೆ ಬಿಗಿ ತೋಡು ಬೇಕು. ನಿಧಾನ ತೋಡಿನ ಹಳೆಯ ರೈಫಲ್‌ಗಳಿಗೆ ಮುಂದೆ ತೊಂದರೆ ಬರುವುದು ಇಲ್ಲಿಂದ.

ಇನ್ನು ಅಣ್ಣ ಮಾಡಬೇಕಾದ ಕೆಲಸ. ಮೊದಲು ಆ ರೈಫಲ್ ನಿಜಕ್ಕೂ .405 ಹೌದೇ ಎಂದು ನೋಡಲಿ. ಮಾದರಿ 1895 ರೈಫಲನ್ನು .30-40, .30-06, .303, .35 ಮುಂತಾದ ಹಲವು ತೋಟೆಗಳಿಗೆ ಮಾಡಿದ್ದರು. ನಳಿಗೆಯ ಮೇಲೆ, ಕೋಣೆಯ ಹತ್ತಿರ, '405 ಡಬ್ಲ್ಯು.ಸಿ.ಎಫ್.' ಎಂಬ ಮುದ್ರೆ ಇರಬೇಕು. ಪರವಾನಗಿ ಪುಸ್ತಕದ ಅಂಕಿಗೂ ಮುದ್ರೆಗೂ ತಾಳೆಯಾಗದಿದ್ದರೆ ತೋಟೆ ಹುಡುಕುವುದನ್ನು ಬಿಟ್ಟು ಮೊದಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ದಾಖಲೆ ಸರಿಪಡಿಸಿಕೊಳ್ಳಬೇಕು, ಮುದ್ರೆ.303 ಎಂದಿದ್ದರೆ ಅದು ನಿಷೇಧಿತ ಬೋರ್, ವಿಷಯ ಗಂಭೀರ. ಮುದ್ರೆ ಸವೆದಿದ್ದರೆ ಪರವಾನಗಿಯುಳ್ಳ ಕೋವಿ ಕೆಲಸಗಾರರು ಬೇಗ ಕರಗುವ ಲೋಹವನ್ನು ಕೋಣೆಗೆ ಹೊಯ್ದು ಅಚ್ಚು ತೆಗೆದು ಅಳೆಯುತ್ತಾರೆ. 'ಕೋಣೆ ಕೊರೆದು .315ಕ್ಕೆ ಹೊಂದಿಸಿಕೊಡುತ್ತೇನೆ' ಎನ್ನುವವರನ್ನು ನಂಬಬೇಡಿ. 0.323ರ ಗುಂಡು 0.412ರ ನಳಿಗೆಯಲ್ಲಿ ತೋಡನ್ನೇ ಮುಟ್ಟುವುದಿಲ್ಲ, ಕೊಳವೆ ಒಡೆದು ಬಿಸಿ ಅನಿಲ ಮುಖಕ್ಕೆ ಬರುತ್ತದೆ. ಕಾನೂನಿನಲ್ಲೂ ಅದು ಅಪರಾಧ. ಅಜ್ಜನ ರೈಫಲನ್ನು ಎಣ್ಣೆ ಹಚ್ಚಿ, ಕೈಲ್‌ಪೊಳ್ದಿನಂದು ಹೂವಿಟ್ಟು ಪೂಜಿಸಿ, ಹಾಗೇ ಉಳಿಸಿಕೊಳ್ಳುವುದೇ ಅದಕ್ಕೆ ಸಲ್ಲುವ ಗೌರವ. ಪರವಾನಗಿಯಿಲ್ಲದೆ ಕೋವಿ ಇಟ್ಟುಕೊಳ್ಳಲು ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2029ರ ಅಕ್ಟೋಬರ್‌ವರೆಗೆ ವಿಸ್ತರಿಸಿದೆ. ಅಣ್ಣನ ಬಳಿ ವಿನಾಯಿತಿ ಪತ್ರವೋ ಪರವಾನಗಿಯೋ, ಯಾವುದಿದ್ದರೂ ಚಾಲ್ತಿಯಲ್ಲಿರಲಿ.

12 ಬೋರ್ ಕೋವಿಗೆ ತೋಟೆಯ ಕೊರತೆಯಿಲ್ಲ, ಖಡ್ಕಿ ಕಾರ್ಖಾನೆಯದು ಸಿಗುತ್ತದೆ. 12 ಬೋರ್ ಅಂದರೆ ನಳಿಗೆಯ ಅಳತೆಯ ಸೀಸದ ಉಂಡೆ ಒಂದು ಪೌಂಡಿಗೆ 12 ತೂಗುತ್ತದೆ ಎಂದರ್ಥ. ಇಲ್ಲಿನ ಅಪಾಯ ಕೋಣೆಯ ಉದ್ದದಲ್ಲಿದೆ. ಅಜ್ಜನ ಕಾಲದ ಇಂಗ್ಲಿಷ್ ಕೋವಿಗಳಲ್ಲಿ ಬಹುಪಾಲಿಗೆ ಎರಡೂವರೆ ಇಂಚಿನ, ಅಂದರೆ 65 ಮಿ.ಮೀ. ಕೋಣೆ. 70 ಮಿ.ಮೀ. ತೋಟೆಯ ಬಾಯಿ ಮಡಿಚಿರುವುದರಿಂದ ಅದು ಆ ಕೋಣೆಯೊಳಗೂ ಸಲೀಸಾಗಿ ಹೋಗುತ್ತದೆ. ಹೋಯಿತಲ್ಲ ಎಂದು ಹಾರಿಸಿದರೆ ಮಡಿಕೆ ಬಿಚ್ಚಿ ಕೋಣೆಯ ಮುಂದಿನ ಇಳಿಜಾರಿಗೆ ಚಾಚಿಕೊಂಡು ಚರೆ ಹೋಗುವ ದಾರಿಯನ್ನೇ ಕಿರಿದು ಮಾಡುತ್ತದೆ, ಒತ್ತಡ ಏರುತ್ತದೆ. ಅಳೆಯುವ ಸುಲಭ ದಾರಿ: ನಳಿಗೆ ಕಳಚಿ, 20 ಮಿ.ಮೀ. ಅಗಲಕ್ಕೆ ಕತ್ತರಿಸಿದ ತೆಳು ತಗಡಿನ ಪಟ್ಟಿಯನ್ನು ಹಿಂದಿನಿಂದ ತೂರಿಸಿ. ಅದು ನಿಂತ ಜಾಗ ನಿಜವಾದ ಉದ್ದಕ್ಕಿಂತ ಒಂದೆರಡು ಮಿ.ಮೀ. ಹೆಚ್ಚು ತೋರಿಸುತ್ತದೆ. 67ರ ಆಸುಪಾಸು ಬಂದರೆ ಅದು 65ರ ಕೋಣೆ, ಪೆಟ್ಟಿಗೆಯ ಮೇಲೆ 65 ಎಂದಿರುವ ತೋಟೆ ಮಾತ್ರ. ನಳಿಗೆಯ ಮೇಲೆ ಮರದ ಗಂಟಿನಂಥ ಸುರುಳಿ ಗೆರೆ ಕಂಡರೆ ಅದು ಡಮಾಸ್ಕಸ್, ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಹೊಸೆದು ಬೆಸೆದದ್ದು. ಮಳೆನಾಡಿನಲ್ಲಿ ನೂರು ವರ್ಷ ಕಳೆದ ಆ ಬೆಸುಗೆಯೊಳಗೆ ತುಕ್ಕು ಎಲ್ಲಿ ಹೊಕ್ಕಿದೆಯೋ ಹೊರಗಿನಿಂದ ಕಾಣದು. ಇಂದಿನ ತೋಟೆ ಅದರಲ್ಲಿ ಹಾರಿಸಲೇಬೇಡಿ.

ಮನೆಯಲ್ಲಿ 20 ಬೋರ್ ತೋಟೆಯೂ ಇದ್ದರೆ ಎರಡನ್ನೂ ಒಂದೇ ಚೀಲದಲ್ಲಿ ಇಡಬೇಡಿ. 20ರ ತೋಟೆ 12ರ ಕೋಣೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ, ಹಿಂದಿನಿಂದ ನೋಡಿದರೆ ಖಾಲಿ ಕಾಣುತ್ತದೆ. ಅದರ ಹಿಂದೆ 12ರದನ್ನು ತುಂಬಿ ಹಾರಿಸಿದರೆ ನಳಿಗೆ ಎಡಗೈ ಹಿಡಿದ ಜಾಗದಲ್ಲೇ ಸಿಡಿಯುತ್ತದೆ. 20 ಬೋರನ್ನು ಹಳದಿ ಬಣ್ಣದಲ್ಲಿ ಮಾಡುವ ರೂಢಿ ಬಂದದ್ದೇ ಇದಕ್ಕಾಗಿ, ಹಳೆಯ ದಾಸ್ತಾನಿಗೆ ಆ ಬಣ್ಣ ಇರುವುದಿಲ್ಲ. ಕಾಗದದ ಕೊಳವೆಯ ಹಳೆ ತೋಟೆಗಳು ಮಳೆಗಾಲದಲ್ಲಿ ಉಬ್ಬುತ್ತವೆ. ಉಬ್ಬಿದ್ದನ್ನು ಒತ್ತಿ ತುಂಬಬೇಡಿ. ಹಳೆಯ ರೈಫಲ್ ತೋಟೆಗಳಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಕೇಪಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಸುಟ್ಟಾಗ ಉಳಿಯುವ ಉಪ್ಪು ಗಾಳಿಯ ತೇವ ಹೀರಿ, ಜುಲೈ ತಿಂಗಳ ಕೊಡಗಿನಲ್ಲಿ ಒಂದೇ ರಾತ್ರಿಯಲ್ಲಿ ನಳಿಗೆಯನ್ನು ಕೊರೆಯಬಲ್ಲದು. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಅಂಥ ತೋಟೆ ಹಾರಿಸಿದ ದಿನವೇ ನಳಿಗೆಗೆ ಕುದಿಯುವ ನೀರು ಸುರಿದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಎಣ್ಣೆ ಹಚ್ಚಬೇಕು.

ಕೊಡಗಿನ ತೆಂಗಿನಕಾಯಿ ಸ್ಪರ್ಧೆಗಳಲ್ಲಿ ಗುರಿ ಹೊಡೆಯುವ ಆಸೆ ಅಣ್ಣನಿಗಿದ್ದರೆ .22 ರೈಫಲ್ ಸಾಕು. 1887ರಿಂದ ಈವರೆಗೆ ಬೇಡಿಕೆ ಇಳಿಯದ ತೋಟೆ ಅದು: 40 ಗ್ರೇನ್ ಗುಂಡು, ಹೆಗಲಿಗೆ ಏಟಿಲ್ಲ, ಭಾರತದಲ್ಲೇ ತಯಾರಾಗುತ್ತದೆ, ಒಲಿಂಪಿಕ್‌ನ 50 ಮೀಟರ್ ಸ್ಪರ್ಧೆಯ ತೋಟೆಯೂ ಅದೇ. ಗುರಿ ತಪ್ಪಿದರೆ ಆ ಪುಟ್ಟ ಗುಂಡು ಒಂದು ಮೈಲಿ ಹೋಗಬಲ್ಲದು, ಗಟ್ಟಿ ನೆಲಕ್ಕೋ ಕಲ್ಲಿಗೋ ತಾಗಿದರೆ ಎತ್ತಲೋ ಚಿಮ್ಮುತ್ತದೆ. ತೆಂಗಿನಕಾಯಿಯ ಹಿಂದೆ ಎತ್ತರದ ಮಣ್ಣಿನ ದಿಬ್ಬ ಇರುವ ಕಡೆ ಮಾತ್ರ ಹೊಡೆಯಲಿ.